ಪಿಯಾನೋ ಪಾಲಾದ ಮಫ್ಲರು

ಇವತ್ತು ಬೆಳಿಗ್ಗೆ ಗುಂಡಿಗಾಗಿ ಹೊಲಿಗೆ ಡಬ್ಬಿ ತಡಕುತ್ತಿದ್ದಾಗ ಹಸಿರು ಉಣ್ಣೆಯ ತುಂಡೊಂದು ಕೈಗೆ ಬಂತು. ಮೂಸಿದೆ. ಇಷ್ಟು ವರ್ಷಗಳಾದರೂ ಸಾಬೂನಿನ ವಾಸನೆ ಹೋಗಿಲ್ಲ, ಅಥವಾ ಹೋಗಬಾರದೆಂದು ನನ್ನ ಮೂಗಿಗೇ ಹಟ.

ಆಗ ನಾನು ಜಮಖಂಡಿಯ ಶಾಲೆಯೊಂದರಲ್ಲಿ ಸಂಗೀತದ ಅಕ್ಕೋರು. ಅಲ್ಲಿ ಸಂಸ್ಥಾನದ ಕಾಲದ್ದೊಂದು ಗ್ರ್ಯಾಂಡ್ ಪಿಯಾನೋ ಇತ್ತು. ಬೇರೆಯವರೆಲ್ಲ ಬೇಡವೆಂದರೂ ನನಗೆ ಕೆಲಸ ಕೊಟ್ಟಿದ್ದ ಮುಖ್ಯಾಧ್ಯಾಪಕಿ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಯ ದಿನ ಅದನ್ನೊಮ್ಮೆ ಕೇಳಬೇಕೆಂಬ ಆಸೆ ಅವರಿಗೆ. ನಾನು ಜಂಬದಿಂದ ಒಪ್ಪಿಬಿಟ್ಟೆ.

ಮುಚ್ಚಳ ಎತ್ತಿದರೆ ತಂತಿಗಳ ಮೇಲೆ ಸಾಲಾಗಿ ಕೂತ ಕಟ್ಟಿಗೆಗಳು, ಅವುಗಳ ಅಡಿಯಲ್ಲಿ ನುಸಿ ತಿಂದ ಉಣ್ಣೆ. ನಾನೋ ಹಾರ್ಮೋನಿಯಂನವಳು. ಅದರಲ್ಲಿ ಬೆರಳೆತ್ತಿದರೆ ಸ್ವರ ತಾನೇ ನಿಲ್ಲುತ್ತದೆ. ತಂತಿಯನ್ನು ಬೇರೆ ಯಾರಾದರೂ ನಿಲ್ಲಿಸಬೇಕೆಂದು ನನಗೇನು ಗೊತ್ತು, ನೀವೇ ಹೇಳಿ. ಧೂಳಿಗೆ ಇಟ್ಟ ಬಟ್ಟೆಯೆಂದು ಎಲ್ಲವನ್ನೂ ಕಿತ್ತುಹಾಕಿದೆ. ಆಮೇಲೆ ನುಡಿಸಿದರೆ ಒಂದು ಸ್ವರ ಮುಗಿಯದೆ ಇನ್ನೊಂದು ಅದರ ಮೇಲೇರಿ ಬರೀ ಗದ್ದಲ. ಬೀಳ್ಕೊಡುಗೆಗೆ ಮೂರೇ ದಿನವಿತ್ತು.

ನಾನು ಬಾಡಿಗೆಗಿದ್ದದ್ದು ಬನಹಟ್ಟಿಯಲ್ಲಿ, ನೇಕಾರ ಈರಪ್ಪ ಕಾಕಾನ ಮನೆಯಲ್ಲಿ. ನನ್ನ ಅಳುಮುಖ ನೋಡಲಾರದೆ ಮರುದಿನ ಅವರೂ ನನ್ನೊಂದಿಗೆ ಬಸ್ಸು ಹತ್ತಿದರು. ನನ್ನಿಂದ ಕೀ ಒತ್ತಿಸುತ್ತ, ಪಿಯಾನೋದೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದರು.

"ಅಕ್ಕೋರ, ಇದನ್ನ ಒತ್ತಿದ ಕೂಡ್ಲೆ ಈ ಕಟಗಿ ತಂತಿ ಬಿಟ್ಟು ಮ್ಯಾಲ ಏಳತೈತಿ. ಬೆರಳ ತಗದ್ರ ತನ್ನ ಭಾರಕ್ಕ ತಾನ ಕುಂದರತೈತಿ. ಸದ್ದು ನಿಲ್ಲಸೂ ಉಣ್ಣೀನ ನೀವು ಕಿತ್ತೊಗದೀರಿ."

ಬಲಗಡೆಯ ಪೆಡಲು ತುಳಿದಾಗ ಇಡೀ ಸಾಲು ಒಟ್ಟಿಗೇ ಎದ್ದಿತು. ಮಗ್ಗದಲ್ಲಿ ತುಳಿದಾಗ ಎಳೆಗಳು ಏಳುವ ಹಾಗೆಯೇ ಇದೆಯೆಂದು ಕಾಕಾನಿಗೆ ಖುಷಿಯೋ ಖುಷಿ. ತುದಿಯ ಸಣ್ಣ ತಂತಿಗಳಿಗೆ ಮಾತ್ರ ಈ ಕಟ್ಟಿಗೆ ಇರಲಿಲ್ಲ. ಅವು ತಾವಾಗಿಯೇ ಬೇಗ ಸುಮ್ಮನಾಗುತ್ತಿದ್ದವು.

ಕಾಕಾ ಕೊರಳಿನ ಮಫ್ಲರು ಬಿಚ್ಚಿದರು. ಬಿಸಿನೀರು, ಸಾಬೂನು ಹಾಕಿ ತಿಕ್ಕಿ ತಿಕ್ಕಿ ದಪ್ಪಗೆ ಗಟ್ಟಿಯಾಗಿಸಿ, ಒಣಗಿಸಿ, ಕತ್ತರಿಸಿ, ಒಂದೊಂದೇ ತುಂಡು ಅಂಟಿಸಿದರು. ಉಳಿದ ತುಂಡೊಂದನ್ನು ನಾನು ಎತ್ತಿಟ್ಟುಕೊಂಡೆ. ಚಳಿಯ ದಿನಗಳು, ಬೇಡವೆಂದೆ. "ನನಗ ಥಂಡಿ ಹತ್ತೂದಿಲ್ರಿ" ಎಂದರು. ನಂಬಿದೆ, ನಂಬುವುದು ಅನುಕೂಲವಾಗಿತ್ತು.

ಬೀಳ್ಕೊಡುಗೆಯ ದಿನ ಕೊನೆಯ ಸ್ವರ ನುಡಿಸಿ ಬೆರಳೆತ್ತಿದೆ. ಸದ್ದು ನಿಂತಿತು. ಮುಖ್ಯಾಧ್ಯಾಪಕಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಚಪ್ಪಾಳೆಯನ್ನೆಲ್ಲ ನಾನೇ ಬಾಚಿಕೊಂಡೆ; ಕೊನೆಯ ಸಾಲಿನಲ್ಲಿದ್ದ ಕಾಕಾನ ಹೆಸರು ಹೇಳಲೇ ಇಲ್ಲ. ಆ ಚಳಿಗಾಲ ಪೂರ್ತಿ ಅವರು ಅಂಗಿಯ ಕಾಲರು ಎತ್ತಿಕೊಂಡು ಮಗ್ಗಕ್ಕೆ ಕೂರುತ್ತಿದ್ದರು. ಕಂಡಿದ್ದೆ, ಆದರೂ ಹೊಸದೊಂದು ತಂದುಕೊಡಲಿಲ್ಲ.

ಗುಂಡಿ ಹುಡುಕುವುದನ್ನು ಬಿಟ್ಟು ಕಾಕಾನಿಗೆ ಫೋನು ಮಾಡಿದೆ. ಅವತ್ತಿನ ಉಪಕಾರಕ್ಕೆ ಇಷ್ಟು ತಡವಾಗಿ ಋಣಿಯೆಂದು ಹೇಳಿ, ಐತವಾರ ಬರುತ್ತೇನೆ, ಮಫ್ಲರು ತರುತ್ತೇನೆ ಎಂದೆ. ಅತ್ತ ಕಡೆ ಮಗ್ಗದ ಸದ್ದು ನಿಂತಿತು.

"ಹಸರ ಬಣ್ಣದ್ದ ತರ್ರಿ, ಅಕ್ಕೋರ," ಎಂದರು ಕಾಕಾ. "ಅದೂ ಹಸರ ಇತ್ತು."