ಎಷ್ಟು ಕೊಟ್ಟರೋ ಅಷ್ಟೇ ಪಾವತಿ

ಪೀರಾಂಬಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ವಿಜಾಪುರದ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಇದ್ದು ಓದಿದ ಹುಡುಗಿಯರಿಗೆಲ್ಲ ಇದು ಗೊತ್ತಿತ್ತು. ಆಕೆ ಅಂಗಳದಲ್ಲಿ ನಿಂತು ಜೋರಾಗಿ ಬೈಯುತ್ತಿದ್ದರೆ ಅವರು ಜಡೆ ಹಾಕಿಕೊಳ್ಳುತ್ತ ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ಮೆಲ್ಲಗೆ ಮಾತಾಡಿದಳೆಂದರೆ ಎದ್ದು ಕಸಬರಿಗೆ ಹುಡುಕುತ್ತಿದ್ದರು.

ಆಕೆಯ ತವರು ಟಿಕೋಟಾ ಕಡೆಯ ಘೋಣಸಗಿ. ಗಂಡ ಅಂಚೆ ಕಚೇರಿಯಲ್ಲಿದ್ದವನು, ಹರೆಯದಲ್ಲೇ ತೀರಿಕೊಂಡ. ಮಕ್ಕಳಿರಲಿಲ್ಲ. ಸಣ್ಣ ಪಿಂಚಣಿ, ಎರಡು ಖೋಲಿಯ ಮನೆ, ಮನೆಯ ಹಿಂದೊಂದು ಖಾಲಿ ಜಾಗ ಉಳಿದಿದ್ದವು. ಅಣ್ಣನ ಮಗಳು ಹೈಸ್ಕೂಲು ಕಲಿಯಲು ಬಂದು ಅತ್ತೆಯ ಮನೆಯಲ್ಲಿ ಉಳಿದಳು. ಆಕೆಯ ಬೆನ್ನಿಗೆ ಟಿಕೋಟಾದ ಗೆಳತಿಯೊಬ್ಬಳು ಬಂದಳು, ಬಬಲೇಶ್ವರದಿಂದ ಇಬ್ಬರು ಅಕ್ಕತಂಗಿಯರು ಬಂದರು. ನೋಡನೋಡುತ್ತ ಮನೆ ಬೋರ್ಡಿಂಗಾಯಿತು. ಸಾಬರ ಹುಡುಗಿ, ಲಿಂಗಾಯತರ ಹುಡುಗಿ, ಬೌದ್ಧರ ಹುಡುಗಿ ಎಲ್ಲರಿಗೂ ಒಂದೇ ಒಲೆ. ಒಪ್ಪದವರು ತಮ್ಮ ಮಗಳ ಟ್ರಂಕು ಹೊತ್ತುಕೊಂಡು ಹೋದರು. ಪೀರಾಂಬಿ ಬಾಗಿಲವರೆಗೆ ಹೋಗಿ ಕಳಿಸಿದಳೇ ಹೊರತು ಎರಡನೆಯ ಒಲೆ ಹೂಡಲಿಲ್ಲ.

ಊಟಕ್ಕೆ ಪಿಂಚಣಿ ಸಾಲದಾದಾಗ ಸುಗ್ಗಿಯಲ್ಲಿ ಹಳ್ಳಿಗಳಿಗೆ ಹೋಗಿ ಜೋಳ ಬೇಡತೊಡಗಿದಳು. ಮೊದಲ ವರ್ಷ ಬಬಲೇಶ್ವರದಲ್ಲಿ ಸಕ್ರವ್ವ ಎಂಬ ಒಕ್ಕಲಗಿತ್ತಿ ಸೇರು ತುಂಬಿಕೊಂಡು ಬಂದವಳು, ಹಾಕುವ ಮೊದಲು ಕೈ ತಡೆದಳು.

“ಕೊಡ್ತೇನಿ ಬೇ. ಆದ್ರ ಬರೂ ವರ್ಷ ಬಂದು ಹೇಳಬೇಕ ನೋಡು, ನನ್ನ ಜ್ವಾಳ ಯಾರ ಹೊಟ್ಟಿಗಿ ಹೋತಂತ.”

ಮರುವರ್ಷ ಪೀರಾಂಬಿ ಹೋಗಿ ಹೇಳಿದಳು. ಕೇಳಲು ಓಣಿಯ ಹೆಂಗಸರೆಲ್ಲ ಸೇರಿದರು. ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಪ್ರತಿ ವರ್ಷ ಬಬಲೇಶ್ವರದಲ್ಲೊಮ್ಮೆ, ಟಿಕೋಟಾದಲ್ಲೊಮ್ಮೆ ಕಟ್ಟೆಯ ಮೇಲೆ ಕುಳಿತು ಬೋರ್ಡಿಂಗಿನ ಜಮಾ ಖರ್ಚು ಓದುವುದು. ಸಂಸ್ಥೆ ರಿಜಿಸ್ಟರ್ ಆಗಿ, ಲೆಕ್ಕಪತ್ರ ಬೆಳಗಾವಿಯ ಧರ್ಮಾದಾಯ ಕಚೇರಿಗೂ ಹೋಗತೊಡಗಿದ ಮೇಲೂ ಆಕೆ ಈ ಓದು ಬಿಡಲಿಲ್ಲ. ಬೆಳಗಾವಿಯವರು ಎಂದೂ ಏನೂ ಕೇಳಿದವರಲ್ಲ. ಹಳ್ಳಿಯ ಹೆಂಗಸರು ಎಲ್ಲವನ್ನೂ ಕೇಳುತ್ತಿದ್ದರು. ಸೀಗೆಕಾಯಿಗೆ ಇಷ್ಟೇಕೆ ಎಂದು ಒಂದು ವರ್ಷ ಅರ್ಧ ಹೊತ್ತು ಜಗಳವಾಗಿತ್ತು.

ಸಂಸ್ಥೆಯ ಅಧ್ಯಕ್ಷರು ಸಂಗಣ್ಣ, ತಹಸೀಲ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಒಳ್ಳೆಯ ಮನುಷ್ಯ. ಹುಡುಗಿಯರ ಶಾಲೆಯ ಪ್ರವೇಶಕ್ಕೆಂದು ಬಿಸಿಲಲ್ಲಿ ಸೈಕಲ್ ತುಳಿದು ಅಲೆದವರು, ತಮ್ಮ ಮನೆಯ ಹಪ್ಪಳ ಸಂಡಿಗೆ ತಂದುಕೊಟ್ಟವರು. ಪೀರಾಂಬಿ ಕಾರ್ಯದರ್ಶಿ. ಜಿಲ್ಲಾ ಆಸ್ಪತ್ರೆಯ ನರ್ಸ್ ಸೋನಾಬಾಯಿ ಕಮಿಟಿಯ ಸದಸ್ಯೆ, ಪೀರಾಂಬಿಗೆ ತಂಗಿಯಂತಿದ್ದವಳು.

ಎಪ್ಪತ್ನಾಲ್ಕರಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಒಂದು, ಜಾಗ ಸಾಲದೆ ಆ ಜೂನಿನಲ್ಲಿ ಹೊಸ ಹುಡುಗಿಯರನ್ನು ತಿರುಗಿ ಕಳಿಸಬೇಕಾಯಿತು. ಹಿತ್ತಲಲ್ಲಿ ಒಂದು ದೊಡ್ಡ ಖೋಲಿ ಕಟ್ಟದೆ ಗತ್ಯಂತರವಿರಲಿಲ್ಲ. ಇನ್ನೊಂದು, ಆದಾಯ ತೆರಿಗೆಯವರಿಂದ ಬೋರ್ಡಿಂಗಿಗೆ ಒಂದು ಮಂಜೂರಿ ಪತ್ರ ಬಂತು. ಇಲ್ಲಿಗೆ ದಾನ ಕೊಟ್ಟವರು ಆ ದಾನದ ಅರ್ಧದಷ್ಟನ್ನು ತಮ್ಮ ಆದಾಯದಲ್ಲಿ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಬಹುದು ಎಂದು ಅದರ ಅರ್ಥ. ಪತ್ರ ಬಂದ ಸುದ್ದಿ ಬಜಾರದಲ್ಲಿ ಹಬ್ಬಲು ತಡವಾಗಲಿಲ್ಲ. ಒಂದು ಮುಂಜಾನೆ ಸಂಗಣ್ಣ ನಗುನಗುತ್ತ ಬಂದು ಕಟ್ಟೆಯ ಮೇಲೆ ಕುಳಿತರು.

“ಬಾಯಾರ, ಖೋಲಿ ಕೆಲಸ ಆತು ಅಂತ ತಿಳ್ಕೊರಿ. ಸೊಲ್ಲಾಪುರ ರಸ್ತೆ ಹತ್ತಿ ಜಿನ್ನಿನ ಹಣಮಂತರಾಯರು ಎರಡು ಸಾವಿರ ಕೊಡ್ತಾರ.”

“ಭಾಳ ಚಲೋ ಆತಲ್ರಿ.”

“ಪಾವತಿ ಚೀಟಿ ಮಾತ್ರ ಹತ್ತು ಸಾವಿರದ್ದು ಬರಕೊಡಬೇಕಂತ.”

ಪೀರಾಂಬಿ ಮೊರದಲ್ಲಿದ್ದ ಜೋಳವನ್ನು ಪಕ್ಕಕ್ಕಿಟ್ಟಳು. “ಅವರಿಗೆ ತೆರಿಗ್ಯಾಗ ಎಷ್ಟು ಉಳಿತೈತ್ರಿ?”

“ಅವರ ಲೆಕ್ಕಕ್ಕ ಮೂರು ಮೂರೂವರಿ ಸಾವಿರ ಉಳದೀತು. ಇದರಾಗ ಯಾರಿಗೂ ಲುಕ್ಸಾನ ಇಲ್ರಿ. ಎಲ್ಲಾ ಕಡೆ ಹಿಂಗ ನಡ್ಯಾಕತ್ತೈತಿ.”

“ಎರಡು ಕೊಟ್ಟು ಮೂರೂವರಿ ಒಯ್ಯಾವ್ರು ಅಂದ್ರ ಅದು ಅವರು ನಮಗ ಮಾಡೂ ದಾನ ಅಲ್ರಿ, ನಾವು ಅವರಿಗೆ ಮಾಡೂದು.”

“ನಮ್ಮದೇನು ಹೋಗತೈತಿ ಹೇಳ್ರಿ. ಒಂದು ಹಾಳಿ.”

“ಹತ್ತು ಬಂತಂತ ಬರದ ಮ್ಯಾಲ ಹತ್ತು ಖರ್ಚಾತಂತಾನೂ ಬರೀಬೇಕಲ್ರಿ. ಬರಲಾರದ ಎಂಟು ಸಾವಿರ ಎಲ್ಲಿ ಹೋತಂತ ತೋರ್ಸೂದು?”

“ಅಕ್ಕಿ, ಬ್ಯಾಳಿ, ಎಣ್ಣಿ. ಯಾರು ತೂಗಿ ನೋಡ್ತಾರ?”

ಪೀರಾಂಬಿಯ ದನಿ ಇಳಿಯಿತು. “ಹುಡುಗ್ಯಾರು ಉಣ್ಣದ ಅನ್ನಾನ ಅವರ ಹೆಸರಿಗೆ ನಾ ಬರಿಯಂಗಿಲ್ಲ, ಸಂಗಣ್ಣಾರ.”

ಸಂಗಣ್ಣ ಚಹಾ ಕುಡಿಯದೆ ಎದ್ದುಹೋದರು. ಸಂಜೆ ಅವರು ಕಳಿಸಿದಂತೆ ಸೋನಾಬಾಯಿ ಬಂದಳು. ಆಸ್ಪತ್ರೆಯ ಬಿಳಿ ಸೀರೆಯಲ್ಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಜೂನಿನಲ್ಲಿ ತಿರುಗಿ ಹೋದ ಘೋಣಸಗಿಯ ಹುಡುಗಿಗೆ ಮದುವೆ ಗೊತ್ತಾಗಿದೆ ಎಂದಳು. ಪೀರಾಂಬಿ ಅವಳಿಗೆ ಬೆನ್ನು ತಿರುಗಿಸಿಯೇ ರೊಟ್ಟಿ ಬಡಿಯುತ್ತಿದ್ದಳು. ತನ್ನೂರಿನ ಹುಡುಗಿ, ತಾನೇ “ಜಾಗಿಲ್ಲವ್ವಾ” ಎಂದು ಬಾಗಿಲಿಂದ ಕಳಿಸಿದವಳು. ಬಡಿಯುತ್ತಿದ್ದ ರೊಟ್ಟಿ ಹರಿಯಿತು.

“ಒಂದ್ಸಲ ಬರದ್ರ ಏನಾಗತೈತಕ್ಕಾ?” ಎಂದಳು ಸೋನಾಬಾಯಿ.

“ಬರೂ ಸುಗ್ಗ್ಯಾಗ ಸಕ್ರವ್ವನ ಮುಂದ ಏನು ಓದ್ಲಿ?”

“ಸಕ್ರವ್ವಗ ಓದಾಕ ಬರತೈತೇನು?”

“ಓದಾಕ ಬರಂಗಿಲ್ಲ. ಕೇಳಾಕ ಬರತೈತಿ.”

ಹಾಗೆಂದಳೇ ಹೊರತು ಮನಸ್ಸು ನೆಟ್ಟಗಿರಲಿಲ್ಲ. ಬರೆದುಬಿಡಲೇ ಎಂದು ಪಾವತಿ ಪುಸ್ತಕವನ್ನು ತೆರೆದೂ ನೋಡಿದಳು. ಒಂದು ಖೋಲಿಯ ನೆರಳಿಗಾಗಿ ತಾನು ಒಬ್ಬ ಸಾಹುಕಾರನ ಗುಮಾಸ್ತೆಯಾಗಬೇಕೇ ಎಂದುಕೊಂಡಾಗ ಮೈ ಉರಿಯಿತು. ಪುಸ್ತಕ ಮುಚ್ಚಿದಳು.

ಸಂಗಣ್ಣ ಬೇರೆ ದಾರಿ ಹಿಡಿದರು. ನಾಲ್ಕು ಜನರ ಮುಂದೆ ಹಣ ಕೈಗೆ ಬಂದರೆ ಬಾಯಿ ಬಿಡಲಾರಳು ಎಂದು ಅವರ ಎಣಿಕೆ. ಜಿನ್ನಿನ ಅಂಗಳದಲ್ಲಿ ಪೆಂಡಾಲು ಹಾಕಿಸಿದರು. ಹುಡುಗಿಯರು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸಾಲಾಗಿ ನಿಂತು ಸ್ವಾಗತದ ಹಾಡು ಹೇಳಿದರು. ಗಾಳಿಗೆ ಹಾರಿ ಬಂದ ಅರಳೆ ಅವರ ತಲೆಗೂದಲಿಗೆಲ್ಲ ಹತ್ತಿಕೊಂಡಿತ್ತು. ಸಂಗಣ್ಣ ಮೈಕಿನಲ್ಲಿ, “ಹಣಮಂತರಾಯರು ಹತ್ತು ಸಾವಿರ ರೂಪಾಯಿ ದಾನ ಮಾಡ್ಯಾರ” ಎಂದರು. ಚಪ್ಪಾಳೆ ಬಿತ್ತು. ಹಣಮಂತರಾಯ ಎದ್ದುಬಂದು, ಅಂಟು ಹಚ್ಚಿದ ಲಕೋಟೆಯನ್ನು ಪೀರಾಂಬಿಯ ಕೈಗೆ ಕೊಟ್ಟು ಫೋಟೋದವನ ಕಡೆ ತಿರುಗಿದ.

“ಚೀಲದಾಗ ಇಟ್ಕೊರಿ,” ಎಂದು ಸಂಗಣ್ಣ ಪಿಸುಗುಟ್ಟಿದರು. “ಮನ್ಯಾಗ ನೋಡೂಣು.”

ಪೀರಾಂಬಿ ಅಲ್ಲೇ ಲಕೋಟೆ ಹರಿದಳು. ಸೆರಗು ಹೊದ್ದುಕೊಂಡು ನಿಂತಲ್ಲೇ ನೋಟು ಎಣಿಸಿದಳು. ಆಮೇಲೆ ಮೈಕಿಗೆ ಬಾಗಿದಳು. ಆಕೆಯ ದನಿ ಎಷ್ಟು ಮೆಲ್ಲಗಿತ್ತೆಂದರೆ, ಹಿಂದಿನ ಸಾಲಿನ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

“ಇದರಾಗ ಎರಡು ಸಾವಿರ ರೂಪಾಯಿ ಅದಾವ್ರಿ. ಸಾವ್ಕಾರ್ರು ನಮ್ಮ ಮಕ್ಕಳಿಗೆ ದೊಡ್ಡ ಉಪಕಾರ ಮಾಡ್ಯಾರ. ಎರಡು ಸಾವಿರದ ಪಾವತಿ ಈಗ ಬರದ ಕೊಡ್ತೇನಿ.”

ಹಣಮಂತರಾಯ ನಗಲು ನೋಡಿದ. “ಉಳದದ್ದು ಆಮ್ಯಾಲ ಬರತೈತ್ರಿ ಬಾಯಾರ.”

“ಬರ್ಲಿ ಸಾವ್ಕಾರ್ರ. ಬಂದ ದಿನ ಅದರದೂ ಪಾವತಿ ಬರೀತೇನಿ.”

ಹಿಂದೆ ಹಮಾಲರ ನಡುವೆ ಯಾರೋ ನಕ್ಕರು. ನಗು ಮುಂದಿನ ಕುರ್ಚಿಗಳವರೆಗೂ ಬಂತು. ಪೀರಾಂಬಿ ಮೇಜಿನ ಮೇಲೆ ಬಗ್ಗಿ ಪಾವತಿ ಬರೆದು, ಹರಿದು, ಮುಂದೆ ಹಿಡಿದಳು. ಹಣಮಂತರಾಯ ಕೈ ಚಾಚಲಿಲ್ಲ. ಜನರ ಮುಂದೆ ಕೊಟ್ಟ ಹಣ ಮರಳಿ ಕೇಳುವಂತೆಯೂ ಇರಲಿಲ್ಲ. ಮರುದಿನ ಆಕೆ ಪಾವತಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಳು. ಸ್ವೀಕರಿಸಲಿಲ್ಲ ಎಂಬ ಷರಾ ಹೊತ್ತು ಅದು ತಿರುಗಿ ಬಂತು. ಪುಸ್ತಕದಲ್ಲಿ ಉಳಿದ ತುಂಡಿಗೆ ಅದನ್ನೇ ಅಂಟಿಸಿಟ್ಟಳು.

ಅದೇ ವಾರ ಕಮಿಟಿ ಸೇರಿತು. ಸಂಗಣ್ಣನ ಮುಖ ಬಾಡಿತ್ತು. “ರಾಜೀನಾಮಿ ಕೊಡ್ರಿ ಬಾಯಾರ,” ಎಂದರು. “ಊರಾಗ ಯಾರೂ ನಮಗ ಇನ್ನ ಕೊಡಂಗಿಲ್ಲ.”

“ನಾ ಕೊಡಂಗಿಲ್ರಿ. ನಿಮಗ ಬ್ಯಾಡಾದ್ರ ನೀವ ತಗೀರಿ. ತಗದದ್ದು ಯಾಕಂತ ನಡಾವಳಿ ಪುಸ್ತಕದಾಗ ಬರೀರಿ. ಎರಡು ಸಾವಿರಕ್ಕ ಎರಡು ಸಾವಿರದ ಪಾವತಿ ಕೊಟ್ಟಳಂತ ಬರೀರಿ. ಕೆಳಗ ಎಲ್ಲಾರೂ ಸಹಿ ಮಾಡ್ರಿ. ನಾನೂ ಮಾಡ್ತೇನಿ.”

ಸಂಗಣ್ಣ ಪೆನ್ನಿನ ಟೋಪಿ ತೆಗೆದರು. ಖಾಲಿ ಪುಟವನ್ನು ಬಹಳ ಹೊತ್ತು ನೋಡಿದರು. ಸೋನಾಬಾಯಿ, “ನಾ ಸಹಿ ಮಾಡಂಗಿಲ್ರಿ” ಎಂದಳು. ಕೊನೆಗೆ ಸಂಗಣ್ಣ ಪೆನ್ನು ಮುಚ್ಚಿ ಕಿಸೆಗೆ ಸಿಕ್ಕಿಸಿಕೊಂಡು ಎದ್ದರು. ಅಧ್ಯಕ್ಷತೆ ಬಿಟ್ಟರು, ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಹಣಮಂತರಾಯನ ಸಿಟ್ಟು ಪೀರಾಂಬಿಯನ್ನು ಕಾಡಲಿಲ್ಲ. ಸಂಗಣ್ಣ ರಸ್ತೆಯಲ್ಲಿ ಎದುರಾದಾಗ ಸೈಕಲ್ ಇಳಿಯದೆ ಹೋಗುವುದು ಮಾತ್ರ ಪ್ರತಿಸಲವೂ ಚುಚ್ಚುತ್ತಿತ್ತು.

ಆ ವರ್ಷ ಬಹಳ ಕಷ್ಟದ್ದು. ಕಿರಾಣಿ ಅಂಗಡಿಯವನು ಉದ್ದರಿ ನಿಲ್ಲಿಸಿದ. ಬಜಾರದ ಚಂದಾ ನಿಂತಿತು. ಅನ್ನ ವಾರಕ್ಕೊಮ್ಮೆಯಾಯಿತು, ಉಳಿದ ದಿನ ರೊಟ್ಟಿ, ಪುಂಡಿಪಲ್ಯ. ಹುಡುಗಿಯರು ಗೊಣಗಿದಾಗ ಪೀರಾಂಬಿ ಅವರನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಇಬ್ಬರ ತಂದೆಯರು ಬಂದು ಮಕ್ಕಳನ್ನು ಕರೆದೊಯ್ದರು. ಅವರನ್ನೂ ಆಕೆ ಬಾಗಿಲವರೆಗೆ ಹೋಗಿ ಕಳಿಸಿದಳು.

ಸುಗ್ಗಿಯಲ್ಲಿ ಬಬಲೇಶ್ವರಕ್ಕೆ ಹೋಗಿ ಕಟ್ಟೆಯ ಮೇಲೆ ಕುಳಿತು ಎಂದಿನಂತೆ ಓದಿದಳು. ಹಣಮಂತರಾಯನ ಹೆಸರು ಬಂದಲ್ಲಿ ನಿಲ್ಲಿಸಿ, ಕತೆಯನ್ನೂ ಹೇಳಿದಳು. ಹೆಂಗಸರು ತಲೆದೂಗಬಹುದು, ಒಂದು ಒಳ್ಳೆಯ ಮಾತಾಡಬಹುದು ಎಂದು ಒಳಗೊಳಗೆ ಆಸೆಯಿತ್ತು. ಸಕ್ರವ್ವ ಹುಬ್ಬು ಗಂಟಿಕ್ಕಿದಳು.

“ಆ ಎರಡು ಸಾವಿರ ಎಲ್ಲೈತಿ?”

“ಬ್ಯಾಂಕಿನ್ಯಾಗ ಐತಿ. ಪೂರಾ ಖೋಲಿಗೆ ಸಾಲಂಗಿಲ್ಲಂತ...”

“ಹುಡುಗ್ಯಾರ ಹೆಸರ್ಲೆ ಬಂದದ್ದು ಬ್ಯಾಂಕಿನ್ಯಾಗ ಮಲಗಿಸೀಯೇನ? ಮೊದಲ ಗ್ವಾಡಿ ಎಬ್ಬಸು ಬೇ. ಮ್ವಾಡ ಕವದ ಮ್ಯಾಲ ಮ್ಯಾಲಿನ ತಗಡಿನ ಚಿಂತಿ ಮಾಡೂಣಂತ.”

ಪೀರಾಂಬಿಯ ಮುಖ ಕೆಂಪಾಯಿತು. ಆದರೆ ಮಾತು ಸರಿಯಿತ್ತು. ಊರಿಗೆ ಮರಳಿದವಳೇ ಗೌಂಡಿಯನ್ನು ಕರೆಸಿದಳು. ಟಿಕೋಟಾದಿಂದ ನಾಲ್ಕಾರು ಚಕ್ಕಡಿ ಕಲ್ಲು ಬಂತು. ಸೋನಾಬಾಯಿ ರಜೆ ಹಾಕಿ ನೀರು ಹೊತ್ತಳು. ಮಳೆಗಾಲ ಹಿಡಿಯುವ ಹೊತ್ತಿಗೆ ಗೋಡೆಗಳು ಎದ್ದಿದ್ದವು, ತಗಡು ಮಾತ್ರ ಮುಂದಿನ ವರ್ಷವೇ ಬಂತು. ಖೋಲಿ ಪೂರ್ತಿಯಾದ ದಿನ ಪೇಂಟರನನ್ನು ಕರೆಸಿ, ಗೋಡೆಯ ಮೇಲೆ ಕೊಟ್ಟವರ ಹೆಸರನ್ನೂ ಕೊಟ್ಟದ್ದನ್ನೂ ಬರೆಸಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವನೆಂದು ಹಣಮಂತರಾಯನದೇ ಮೊದಲು, ಮುಂದೆ ಎರಡು ಸಾವಿರ ರೂಪಾಯಿ. ಸಕ್ರವ್ವನ ಮುಂದೆ ಐದು ಸೇರು ಜೋಳ.

ಜಿನ್ನಿನ ದಿವಾನಜಿ ಬಂದು ಗೋಡೆ ನೋಡಿ ಕೆಮ್ಮಿದ. “ರಾಯರ ಹೆಸರು ಇರ್ಲಿ ಅಂದಾರ್ರಿ. ಆ ಅಂಕಿ ಅಷ್ಟ ಅಳಸ್ರಿ.”

“ಕೊಟ್ಟಾರ, ಬರಸೇನಿ. ನಾಚಿಕಿ ಪಡೂವಂಥಾದ್ದು ಅದರಾಗ ಏನೈತ್ರಿ? ಸಕ್ರವ್ವನ ಐದು ಸೇರು ಇರೂತನಾ ರಾಯರ ಎರಡು ಸಾವಿರಾನೂ ಇರತೈತಿ.”

ಮುಂದಿನ ಜೂನಿನಲ್ಲಿ ಖೋಲಿ ತುಂಬಿತು. ಘೋಣಸಗಿಯ ಆ ಹುಡುಗಿ ಮಾತ್ರ ಬರಲಿಲ್ಲ. ಬಾಣಂತನಕ್ಕೆ ಊರಿಗೆ ಬಂದಿದ್ದ ಅವಳ ಮಡಿಲಲ್ಲಿ ಆಗಲೇ ಕೂಸಿತ್ತು. ತವರಿಗೆ ಹೋದಾಗ ಪೀರಾಂಬಿ ಆ ಮನೆಯ ಮುಂದೆ ಹಾಯುವುದನ್ನು ತಪ್ಪಿಸಲಿಲ್ಲ. ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು, “ನಿನ್ನ ಬಾಗಲದಿಂದ ತಿರುಗಿ ಕಳಸಿದಾಕಿ ನಾನ” ಎಂದಳು. ಹುಡುಗಿ ಚಹಾ ಕಾಸಿ ಕೊಟ್ಟಳು.

ಎಪ್ಪತ್ತೊಂಬತ್ತರಲ್ಲಿ ಮೊಣಕಾಲು ನೋವು ಹೆಚ್ಚಾಗಿ ಪೀರಾಂಬಿ ಕಾರ್ಯದರ್ಶಿ ಕೆಲಸವನ್ನು ಸೋನಾಬಾಯಿಗೆ ಒಪ್ಪಿಸಿದಳು. ಕಮಿಟಿಯ ಹೊಸ ಸದಸ್ಯರು ಸಣ್ಣದೊಂದು ಸಮಾರಂಭ ಮಾಡಿ, ಜರಿಯಂಚಿನ ಶಾಲು ತಂದು ಆಕೆಗೆ ಹೊದಿಸಲು ಬಂದರು. ಆಕೆ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ ಕೇಳಿದಳು.

“ಇದನ್ನ ಯಾವ ಖಾತೆದಾಗ ಬರದೀರಿ?”

ಒಬ್ಬರು, “ಇತರೆ ಖರ್ಚಿನ್ಯಾಗ” ಎಂದರು.

“ಇತರೆ ಅಂದ್ರ ಯಾರ ಹೊಟ್ಟಿದು?”

ಶಾಲನ್ನು ಅಂಗಡಿಗೆ ವಾಪಸು ಕಳಿಸಲಾಯಿತು. ಸೋನಾಬಾಯಿ ಒಳಗೆ ಹೋಗಿ ತನ್ನ ಹಳೆಯ ಉಣ್ಣೆ ಚಾದರ ತಂದು ಹೆಗಲಿಗೆ ಹೊದಿಸಿದಳು. ಅದನ್ನು ಹೊದ್ದುಕೊಂಡೇ ಪೀರಾಂಬಿ ಹೊಸ ಹುಡುಗಿಯರ ಸಾಲಿನಲ್ಲಿ ಕುಳಿತು ಬಿಸಿ ರೊಟ್ಟಿ ಉಂಡಳು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಅಡುಗೆಯವಳನ್ನು ಜೋರಾಗಿ ಬೈದಳು. ಹುಡುಗಿಯರು ನಕ್ಕರು.