ಸಿಕ್ಕಿಸುವ ಕಡೆಯ ಒಂದು ಗೇಣು

ಊರಿಗೆ ಹೋಗಿ ಬಂದು ಕಣ್ಣೀರು ಹಾಕುವವರ ಮೇಲೆ ನನಗೆ ಮೊದಲಿಂದಲೂ ಅನುಮಾನ. ಬಿಟ್ಟುಹೋಗುವವರು ಇವರು, ಬದಲಾಗದೆ ಕಾದಿರಬೇಕಾದ್ದು ಊರು! ಇದು ಯಾವ ಸೀಮೆಯ ನ್ಯಾಯ? ಶಾಲೆಯಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೇ ಬೆಳೆದವನು ನಾನು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಈಗ ಧಾರವಾಡದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಅದೇ ಕೆಲಸ ಮುಂದುವರಿಸಿದ್ದೇನೆ. ಹೀಗಿರುವಾಗ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಎದೆ ಭಾರವಾಯಿತು ಎಂದು ಬರೆದರೆ ನಾನೇ ನನ್ನನ್ನು ನಂಬುವುದಿಲ್ಲ. ಭಾರವಾಗಿದ್ದು ಚೀಲ.

ನಾನು ಹೋಗಿದ್ದು ಮೊಳಕಾಲ್ಮೂರಿನ ಚಿಕ್ಕವ್ವ ಫೋನ್ ಮಾಡಿದ್ದಕ್ಕೆ. ಚಿಕ್ಕವ್ವ ಅಂದರೆ ನಮ್ಮ ಅವ್ವನ ತಂಗಿ. ಗಂಡ ಹೆಂಡತಿ ಇಬ್ಬರೂ ರೇಷ್ಮೆ ಸೀರೆ ನೇಯುವವರು. ಕಳೆದ ಬೇಸಿಗೆಯಲ್ಲಿ ಚಿಕ್ಕಪ್ಪ ತೀರಿಕೊಂಡ. ನಾನು ಮಣ್ಣಿಗೆ ಬಂದು ಅವತ್ತೇ ಹೊರಟುಬಿಟ್ಟಿದ್ದೆ. ಈಗ ಚಿಕ್ಕವ್ವ ಹೇಳಿದ್ದು ಇಷ್ಟೇ: "ಗುಂಡಿ ಮುಚ್ಚಿಸ್ತೀವಿ ಮಗಾ. ಅಷ್ಟರೊಳಗೆ ಒಂದ್ಸಲ ಬಂದು ಹೋಗು. ನಿನ್ ಕೈಲಿ ಒಂದು ಕೆಲಸ ಐತೆ."

ಗುಂಡಿ ಎಂದರೆ ಮಗ್ಗದ ಗುಂಡಿ. ಅವರ ಮನೆಯ ಮುಂದಿನ ಕೋಣೆಯ ನೆಲದಲ್ಲಿ ತೊಡೆಯಾಳದ ಒಂದು ಕುಳಿ ಇದೆ. ನೇಯುವವರು ಅದರ ಅಂಚಿಗೆ ಕೂತು ಕಾಲು ಇಳಿಬಿಟ್ಟು ತಳದ ಹಲಗೆಗಳನ್ನು ತುಳಿಯುತ್ತಾರೆ. "ದಿನಾ ಗುಂಡಿಗಿಳಿದು ದಿನಾ ಎದ್ದು ಬರೋನು ಈ ಊರಲ್ಲಿ ನಾನೊಬ್ಬನೇ" ಎಂದು ಚಿಕ್ಕಪ್ಪ ಊಟಕ್ಕೆ ಏಳುವಾಗಲೆಲ್ಲ ಅನ್ನುತ್ತಿದ್ದ. ಓಣಿಯ ತುಂಬ ಅಂಥ ಗುಂಡಿಗಳೇ ಇದ್ದ ಕಾಲದಲ್ಲೂ ಹಾಗೇ ಅನ್ನುತ್ತಿದ್ದ. ತಪ್ಪು ಹೇಳಿಕೆ ಎಂದು ನಾನು ಚಿಕ್ಕವನಿದ್ದಾಗಲೇ ತಕರಾರು ತೆಗೆದಿದ್ದೆ.

ಚಳ್ಳಕೆರೆಯಲ್ಲಿ ನಮಗೆ ಈಗ ಮನೆಯಿಲ್ಲ. ಅಪ್ಪ ದುಡಿಯುತ್ತಿದ್ದ ಎಣ್ಣೆ ಮಿಲ್ಲು ನಿಂತ ಮೇಲೆ ಅಪ್ಪ ಅವ್ವ ದಾವಣಗೆರೆಗೆ ಅಣ್ಣನ ಬಳಿ ಹೋದರು. ಅಲ್ಲಿ ನೆಮ್ಮದಿಯಾಗಿಯೇ ಇದ್ದಾರೆ. ಊರಲ್ಲಿ ಉಳಿದಿರುವವನು ನನ್ನ ಸಹಪಾಠಿಯೊಬ್ಬ, ಬಸ್ ನಿಲ್ದಾಣದ ಹಿಂದೆ ಬೈಕು ರಿಪೇರಿ ಮಾಡುವ ಸಾಬರ ಹುಡುಗ. ಶಾಲೆಯಲ್ಲಿ ನಾನು ಪರವಾದರೆ ಅವನು ವಿರೋಧ, ಅವನು ಪರವಾದರೆ ನಾನು ವಿರೋಧ. ನನ್ನನ್ನು ಕಂಡವನೇ ಸ್ಪ್ಯಾನರ್ ಕೆಳಗಿಟ್ಟು ಎದ್ದುನಿಂತ.

"ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ! ವಕೀಲ್ ಸಾಬ್ ದಯಮಾಡಿಸಿದ್ದಾರೆ. ಕೂರೋಕೆ ಟಯರ್ ಕೊಡ್ರಿ."

"ಕೂರಲ್ಲ. ಮಿಲ್ ರಸ್ತೆ ಕಡೆ ಹೋಗ್ಬರೋಣ ಬಾ."

"ಏನೈತೆ ಅಲ್ಲಿ?"

"ಅದನ್ನೇ ನೋಡೋಕೆ."

ನಡೆದೆವು. ಹಿಂದೆಲ್ಲ ಆ ರಸ್ತೆಗೆ ಹೊರಳುವ ಮೊದಲೇ ಶೇಂಗಾ ಹಿಂಡಿಯ ಬಿಸಿ ವಾಸನೆ ಮೂಗಿಗೆ ಅಡರುತ್ತಿತ್ತು. ಅಪ್ಪನ ಅಂಗಿಯನ್ನು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ ಅದು. ಈಗ ಒಂದೆರಡು ಮಿಲ್ಲು ಓಡುತ್ತಿವೆ. ಒಂದು ಕಲ್ಯಾಣಮಂಟಪವಾಗಿದೆ. ಅಪ್ಪನದ್ದು ಗೋದಾಮು, ಎಲ್ಲಿಂದಲೋ ಟ್ಯಾಂಕರಿನಲ್ಲಿ ಬರುವ ಎಣ್ಣೆಯನ್ನು ಅಲ್ಲಿ ಪೊಟ್ಟಣ ಕಟ್ಟುತ್ತಾರಂತೆ. ಎಣ್ಣೆಯ ಊರಿಗೆ ಹೊರಗಿನ ಎಣ್ಣೆ. ಗೇಟಿನ ಬಳಿ ಅಪ್ಪ ಬುತ್ತಿ ಬಿಚ್ಚುತ್ತಿದ್ದ ಬೇವಿನ ಮರ ಹಾಗೇ ಇತ್ತು. ಅದರ ಕೆಳಗೆ ಯಾರದೋ ಆಟೋ ನಿಂತಿತ್ತು.

"ಊರು ಮುಗೀತು ಕಣೋ," ಅಂದೆ.

"ಯಾವನ್ಲೇ ಹೇಳಿದ್ದು? ಮುಗಿದಿದ್ರೆ ನನ್ನತ್ರ ಇಷ್ಟು ಗಾಡಿ ಯಾಕ್ ಬರ್ತಿದ್ವು?"

"ರಿಪೇರಿಗೆ ಬರ್ತಾವೆ ಅಂದ್ರೆ ಹೊಸದು ತಗಳೋ ಶಕ್ತಿ ಇಲ್ಲ ಅಂತ."

"ಹೊಸದು ತಗಂಡಿದ್ರೆ ಜನಕ್ಕೆ ಸೊಕ್ಕು ಬಂತು, ಊರು ಕೆಟ್ಟೋಯ್ತು ಅಂತಿದ್ದೆ. ನಿನ್ ಜೊತೆ ಗೆಲ್ಲೋಕಾಗ್ತದಾ? ನೀನು ಊರು ನೋಡೋಕೆ ಬಂದಿಲ್ಲ ಲೇ, ಹೆಣ ನೋಡೋಕೆ ಬಂದಿದ್ದೀಯಾ. ಅದಕ್ಕೇ ಮುಖ ಹಂಗೆ ಮಾಡ್ಕಂಡಿದ್ದೀಯಾ."

ಅವನ ಮಾತಿನಲ್ಲಿ ಹುರುಳಿತ್ತು. ಒಪ್ಪಿಕೊಳ್ಳಲಿಲ್ಲ, ಆ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ವಾಪಸು ಬರುವಾಗ ನಾಯಕನಹಟ್ಟಿ ದಿಕ್ಕಿಗೆ ಕೈಮಾಡಿ, "ಕಾವಲಿಗೆ ಹೋಗೋಣವಾ?" ಎಂದ. ಪ್ರೌಢಶಾಲೆಯಲ್ಲಿದ್ದಾಗ ಸೈಕಲ್ಲಿನಲ್ಲಿ ವರವು ಕಾವಲಿಗೆ ಹೋಗಿ, ಮೊಣಕಾಲೆತ್ತರದ ಹುಲ್ಲಿನಲ್ಲಿ ಅಂಗಾತ ಮಲಗಿ, ದನಗಳಿಗೆ ಕೇಳುವಂತೆ ಭಾಷಣ ಅಭ್ಯಾಸ ಮಾಡುತ್ತಿದ್ದೆವು.

"ಏನೈತೆ ಈಗ ಅಲ್ಲಿ?" ಈ ಸಲ ಕೇಳಿದ್ದು ನಾನು.

"ಬೇಲಿ. ಸರ್ಕಾರದೋರು ಹಾಕಿಸಿದ್ದು."

ಹೋಗಲಿಲ್ಲ. ಅವನಿಗೆ ರಾಂಪುರದಲ್ಲಿ ಯಾರದೋ ಟ್ರ್ಯಾಕ್ಟರ್ ನೋಡುವುದಿತ್ತು. "ಗಾಡಿ ಹತ್ತು, ನಿಮ್ ಚಿಕ್ಕಮ್ಮನ ಮನೆ ಹತ್ರ ಬಿಟ್ಟು ಹೋಗ್ತೀನಿ, ಸಾಯಂಕಾಲ ಬಂದು ಕರ್ಕಂಡ್ ಹೋಗ್ತೀನಿ" ಎಂದ. ತಳಕು, ಹಾನಗಲ್ಲು ದಾಟಿ ಬಂಡೆಗುಡ್ಡಗಳ ನಡುವೆ ಮೊಳಕಾಲ್ಮೂರು ಸೇರುವವರೆಗೂ ಗಾಳಿಯಲ್ಲಿ ಅರಚುತ್ತ ಏನೇನೋ ವಾದ ಮಾಡಿದೆವು. ಅರ್ಧ ಕೇಳಿಸಲಿಲ್ಲ. ಕೇಳಿಸದಿದ್ದರೂ ಇಬ್ಬರೂ ವಿರೋಧಿಸಿದೆವು.

ನೇಕಾರರ ಓಣಿ ಮೌನವಾಗಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಮೌನವಾಗಿರಲಿಲ್ಲ. ಒಂದು ಮನೆಯಲ್ಲಿ ಮಿಕ್ಸಿ, ಇನ್ನೊಂದರಲ್ಲಿ ತೆಲುಗು ಧಾರಾವಾಹಿಯ ಅತ್ತೆ, ಮತ್ತೊಂದರಲ್ಲಿ ವೆಲ್ಡಿಂಗ್. ಮಗ್ಗದ ಸದ್ದೊಂದೇ ಇರಲಿಲ್ಲ. ಚಿಕ್ಕವ್ವನ ಬಾಗಿಲ ಮುಂದೆ ಟ್ರ್ಯಾಕ್ಟರಿನಲ್ಲಿ ತಂದು ಸುರಿದ ಕೆಂಪು ಮಣ್ಣಿನ ಗುಡ್ಡೆ ಬಿದ್ದಿತ್ತು. ಅದನ್ನು ಬಳಸಿ ಒಳಗೆ ಹೋಗಬೇಕಾಯಿತು.

"ಏಮಿರಾ, ಈಗ ದಾರಿ ಗೊತ್ತಾಯ್ತಾ?" ಎಂದಳು ಚಿಕ್ಕವ್ವ. ಅವಳಿಗೆ ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು. ಸೊರಗಿದ್ದಳು. ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಮಗಳು ಬ್ಯೂಟಿ ಪಾರ್ಲರ್ ಕೆಲಸ ಕಲಿತಿದ್ದಾಳೆ. ಮುಂದಿನ ಕೋಣೆಯನ್ನು ಪಾರ್ಲರ್ ಮಾಡುವುದೆಂದು ಕುರ್ಚಿ, ಕನ್ನಡಿ ತರಲು ಬಳ್ಳಾರಿಗೆ ಹೋಗಿದ್ದಳು. ಒಳ್ಳೆಯ ತೀರ್ಮಾನ, ನನ್ನ ಆಕ್ಷೇಪವಿಲ್ಲ. ಮೂರು ಹೊತ್ತು ಬಗ್ಗಿ ಬೆನ್ನು ಕಳೆದುಕೊಳ್ಳುವ ಕಸುಬನ್ನು ಮುಂದುವರಿಸು ಎಂದು ಆ ಹುಡುಗಿಗೆ ಹೇಳಲು ನಾನು ಯಾರು?

ಚಿಕ್ಕವ್ವ ಮಗ್ಗದ ಮೇಲಿನ ಹಳೆಯ ಪಂಚೆ ಸರಿಸಿದಳು. ಕೆಳಗೊಂದು ಸೀರೆ ಇತ್ತು. ಬದನೆಕಾಯಿ ಬಣ್ಣದ ಒಡಲು, ಹಸಿರು ಅಂಚು. ಸೆರಗಿನಿಂದ ಶುರುವಾಗಿ ಪೂರ್ತಿ ನೇಯ್ದು ಸುತ್ತಿಕೊಂಡಿತ್ತು. ಕೊನೆಯಲ್ಲಿ ಒಂದು ಗೇಣಿನಷ್ಟು ಬರೀ ಎಳೆ.

"ಇಷ್ಟೇ ಉಳಿದಿತ್ತು, ಅವರು ಹೋದ್ರು. ನಾನೊಬ್ಬಳೇ ಆಗಲ್ಲ, ನಿಂಗೊತ್ತಲ್ಲ. ಮಗಳು ಕಲೀಲಿಲ್ಲ, ಓಣಿಯಲ್ಲಿ ಕೂರೋರು ಯಾರೂ ಉಳಿದಿಲ್ಲ. ನೀನು ಸಣ್ಣೋನಿದ್ದಾಗ ರಜಕ್ಕೆ ಬಂದು ಕೂರ್ತಿದ್ದೆಲ್ಲ, ಅದಕ್ಕೇ ಕರೆದೆ."

ನಮ್ಮ ಸೀರೆಯ ಕಷ್ಟ ಇದು. ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಒಂದರ ಬಣ್ಣ ಇನ್ನೊಂದಕ್ಕೆ ಹರಿಯಬಾರದು, ಎರಡೂ ಬೇರೆಯಾಗಲೂಬಾರದು. ಗುಂಡಿಯಲ್ಲಿ ಕಾಲಿಟ್ಟು ಕೂತವರು ಒಡಲಿನ ಎಳೆ ತುಂಬಿದ ಲಾಳಿ ಎಸೆಯುತ್ತಾರೆ, ಎಡಗಡೆಯ ಅಂಚನ್ನೂ ಅವರೇ ನೋಡಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತವರು ಬಲಗಡೆಯ ಅಂಚಿನ ಲಾಳಿ ಹಿಡಿದು ಕಾಯುತ್ತಾರೆ. ಒಡಲಿನ ಎಳೆ ಬಂದು ಮುಟ್ಟಿದ ಮೇಲೆ ಅದಕ್ಕೆ ಕೊಕ್ಕೆ ಹಾಕಿಸಿ ಅಂಚಿನ ಎಳೆಯನ್ನು ಕಳಿಸಬೇಕು. ಇದಕ್ಕೆ ಕುಟ್ಟು ಅನ್ನುತ್ತಾರೆ. ಚಿಕ್ಕಪ್ಪ ಗುಂಡಿಯಲ್ಲಿ, ಚಿಕ್ಕವ್ವ ಪಕ್ಕದಲ್ಲಿ. ಅವರ ಸಂಸಾರ ನಡೆದದ್ದೇ ಹೀಗೆ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಕುಟ್ಟು ತಪ್ಪುತ್ತಿರಲಿಲ್ಲ.

ಅವತ್ತು ಚಿಕ್ಕವ್ವ ಗಂಡನ ಜಾಗದಲ್ಲಿ ಕೂತಳು. ನಾನು ಅವಳ ಜಾಗದಲ್ಲಿ.

ಕೂರುವ ಮುಂಚೆ ಕೇಳಿಯೇ ಕೇಳಿದೆ. "ಇಷ್ಟಕ್ಕೆ ಯಾಕೆ ಚಿಕ್ಕವ್ವ? ಇಲ್ಲಿಗೇ ಕತ್ತರಿಸಿದರೆ ಏನಾಗುತ್ತೆ? ಒಂದು ಗೇಣು ಕಮ್ಮಿ ಅಷ್ಟೇ. ಉಡೋಕೆ ಬರುತ್ತೆ."

"ಬರುತ್ತೆ. ಆದ್ರೆ ಮುಗಿದಿಲ್ಲ ಅಲ್ವ? ಅವರು ಅರ್ಧಕ್ಕೆ ಎದ್ದುಹೋದ್ರು. ನಾನೂ ಅರ್ಧಕ್ಕೆ ಕೊಯ್ಯಬೇಕಾ?"

ವಾದ ಬಲವಾಗಿರಲಿಲ್ಲ. ಆದರೂ ಕೂತೆ.

ಮೊದಲ ಎಳೆಗಳು ಅಡ್ಡಾದಿಡ್ಡಿ. "ನಿಧಾನ, ಕೋರ್ಟಲ್ಲ ಇದು" ಎಂದಳು. ಆಮೇಲೆ ಕೈಗೆ ಏನೋ ನೆನಪಾದಂತಾಯಿತು. ಅವಳು ತುಳಿದಳು, ಎಸೆದಳು, ನಾನು ಕೊಕ್ಕೆ ಹಾಕಿಸಿ ಕಳಿಸಿದೆ, ಅವಳು ಬಡಿದಳು. ಗಂಡನ ಕಾಲಿನ ಅಳತೆಗೆ ಕಟ್ಟಿದ ಹಲಗೆಗಳು ಅವಳಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಪ್ರತಿ ತುಳಿತಕ್ಕೂ ಕೆಳಕ್ಕೆ ಜಾರಿ, ಮತ್ತೆ ಮೇಲಕ್ಕೆ ಸರಿದು ಕೂರುತ್ತಿದ್ದಳು. ಬಟ್ಟೆ ಬೆಳೆಯಿತು. ಸದ್ದು ಕೇಳಿ ಎದುರುಮನೆಯ ಅಜ್ಜಿಯೊಬ್ಬಳು ಬಾಗಿಲಿಗೆ ಬಂದು ನಿಂತು, "ಯಾರೇ ಅದು, ನಿನ್ ಗಂಡ ಬಂದ್ನೇನೇ?" ಎಂದಳು. ಚಿಕ್ಕವ್ವ ನಕ್ಕಳು. "ಹೂಂ ಕಣವ್ವ, ಕರೀಕೋಟು ಹಾಕ್ಕಂಡು ಬಂದವ್ನೆ." ಅಜ್ಜಿಯೂ ನಕ್ಕು ಹೋದಳು. ಚಿಕ್ಕವ್ವ ಲಾಳಿಯನ್ನು ಮಡಿಲಲ್ಲಿಟ್ಟು, ಹರಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದಳು.

ಮತ್ತೆ ಶುರುವಾದಾಗ ನನಗೆ ವೇಗ ಬಂದಿತ್ತು. ಅಲ್ಲೇ ಎಡವಿದ್ದು. ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಡುವುದು ನಮ್ಮ ಕಸುಬಿನ ಚಾಳಿ. ಒಡಲಿನ ಎಳೆ ಬಂದು ಮುಟ್ಟುವ ಮೊದಲೇ ನಾನು ಲಾಳಿ ಕಳಿಸತೊಡಗಿದ್ದೆ. ಕಣ್ಣಿಗೆ ಏನೂ ಕಾಣಲಿಲ್ಲ, ಬಟ್ಟೆ ಸಾಪಾಗಿಯೇ ಇತ್ತು. ಗೇಣು ಮುಗಿಯುವ ಹೊತ್ತಿಗೆ ಚಿಕ್ಕವ್ವ ಕೈಯಾಡಿಸಿದಳು. ಅವಳ ಕಿರುಬೆರಳು ಬದನೆ ಬಣ್ಣಕ್ಕೂ ಹಸಿರಿಗೂ ನಡುವೆ ಒಳಗೆ ಹೊಕ್ಕು, ಆ ಬದಿಯಿಂದ ಉಗುರು ಕಂಡಿತು.

ಸೀಳು. ಅಂಚು ಒಡಲನ್ನು ಹಿಡಿದೇ ಇರಲಿಲ್ಲ.

"ಬಿಚ್ಚೋಣ," ಅಂದೆ.

ಅವಳು ಬೆರಳು ಹೊರಗೆಳೆದುಕೊಂಡಳು. "ಬಿಡು."

"ಬಿಡು ಅಂದ್ರೆ? ಎಲ್ಲಿಂದ ತಪ್ಪಿದೆಯೋ ಅಲ್ಲೀವರೆಗೆ ಬಿಚ್ಚಿದ್ರೆ ಆಯ್ತು. ಹೊತ್ತಿದೆ."

"ಬಿಡಪ್ಪ. ಸಿಕ್ಕಿಸೋ ಕಡೆ ಅಲ್ವ? ಒಳಗೆ ಹೋಗುತ್ತೆ. ಯಾರು ನೋಡ್ತಾರೆ?"

ಸೀರೆಯ ಆ ತುದಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ, ನಿಜ. ಉಟ್ಟವಳಿಗೂ ಕಾಣುವುದಿಲ್ಲ. ಆದರೆ ರಜೆಯ ದಿನಗಳಲ್ಲಿ ನಾನು ಇದೇ ಮಾತು ಹೇಳಿದಾಗ ನನ್ನ ಬೆನ್ನಿಗೆ ಗುದ್ದಿ, "ಸಿಕ್ಕಿಸೋ ಕಡೇನೂ ಸೀರೇನೇ ಕಣೋ" ಎಂದು ಬಿಚ್ಚಿಸುತ್ತಿದ್ದವಳು ಇವಳೇ. ಚಿಕ್ಕಪ್ಪನಾದರೂ ಒಮ್ಮೊಮ್ಮೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇವಳು ಎಂದೂ ಬಿಟ್ಟವಳಲ್ಲ.

ನಾನು ವಾದಿಸಿದೆ. ಬೆಳಿಗ್ಗೆ ಬೇಡ ಎಂದು ಶುರುಮಾಡಿದವನು ಈಗ ಬೇಕು ಎಂದು. ಇನ್ನೊಂದು ದಿನ ಇರುತ್ತೇನೆ ಎಂದೆ, ಮಣ್ಣು ಕಾಯುತ್ತದೆ ಎಂದೆ, ಅವಳ ಮಾತನ್ನೇ ಅವಳ ಮುಂದಿಟ್ಟೆ. ಎದುರಾಳಿಯ ಹಳೆಯ ಹೇಳಿಕೆಯನ್ನು ಅವರ ಮೇಲೇ ತಿರುಗಿಸುವುದು ಒಳ್ಳೆಯ ವರಸೆ. ಅದು ನನ್ನನ್ನು ಎಂದೂ ಸೋಲಿಸಿಲ್ಲ. ಚಿಕ್ಕವ್ವ ಕೇಳಿದಳು, ತಲೆಯಾಡಿಸಿದಳು.

"ನೀನು ಹೇಳೋದು ಸರಿ ಐತೆ ಮಗಾ. ಅವರಿದ್ದಾಗ ಬಿಚ್ಚಿದ್ರೆ ನಾಳೆ ಮತ್ತೆ ಕೂರ್ತಿದ್ವಿ. ಈಗ ಬಿಚ್ಚಿ ಯಾವ ನಾಳೆಗೆ?"

ನಾನು ನನ್ನ ಲಾಳಿ ಕೆಳಗಿಟ್ಟೆ.

ಕತ್ತರಿ ಅವಳೇ ಹಿಡಿದಳು. ಸಾಮಾನ್ಯವಾಗಿ ಸೀರೆ ಕೊಯ್ದ ಮೇಲೆ ಮಗ್ಗದಲ್ಲಿ ಒಂದಿಷ್ಟು ಹಳೆಯ ಎಳೆ ಉಳಿಸಿರುತ್ತಾರೆ. ಮುಂದಿನ ಸೀರೆಯ ಹಾಸು, ಅಂದರೆ ಉದ್ದದ ಎಳೆಗಳು, ಬಂದಾಗ ಅದರ ತುದಿಗಳನ್ನು ಈ ತುದಿಗಳಿಗೆ ಹೊಸೆದು ಸೇರಿಸುತ್ತಾರೆ. ಅವಳು ಅಭ್ಯಾಸಬಲದಿಂದ ಅಷ್ಟು ಬಿಟ್ಟೇ ಕೊಯ್ದಳು. ಸೀರೆ ಮಡಚಿ ಮಡಿಲಲ್ಲಿಟ್ಟುಕೊಂಡ ಮೇಲೆ, ಜೋತುಬಿದ್ದ ಎಳೆಗಳನ್ನು ನೋಡಿ, "ಅಯ್ಯೋ, ಇದ್ಯಾಕೆ ಬಿಟ್ಟೆ?" ಎಂದಳು. ಮತ್ತೆ ಕತ್ತರಿ ಎತ್ತಲಿಲ್ಲ.

ಮಧ್ಯಾಹ್ನ ಇಬ್ಬರು ಆಳು ಬಂದು ಮಗ್ಗ ಬಿಚ್ಚಿ ಮರವನ್ನು ಹಿತ್ತಲಿಗೆ ಒಯ್ದರು. ಮಣ್ಣು ಹಾಕುವ ಮೊದಲು ಚಿಕ್ಕವ್ವ ಗುಂಡಿಗಿಳಿದು ಕಾಲು ಹಲಗೆಗಳನ್ನು ತೆಗೆದುಕೊಟ್ಟಳು. ಮೂಲೆಯಲ್ಲಿ ಬಿದ್ದಿದ್ದ ಚಿಕ್ಕಪ್ಪನ ಬೀಡಿ ತುಂಡುಗಳನ್ನೂ ಆಯ್ದಳು, ಬೈದುಕೊಂಡೇ. ಮೇಲೆ ಬರಲು ಮಂಡಿ ಏಳಲಿಲ್ಲ. ಕೈ ಕೊಟ್ಟೆ. ಚಿಕ್ಕಪ್ಪನ ಆ ಹಳೆಯ ಮಾತು ಇಬ್ಬರಿಗೂ ನೆನಪಾಗಿರಬೇಕು. ಬುಟ್ಟಿ ಬುಟ್ಟಿ ಮಣ್ಣು ಬಿತ್ತು. ಆಳುಗಳು ನೀರು ಚಿಮುಕಿಸಿ, ತುಳಿದು, ಮಟ್ಟ ಮಾಡಿ ಹೋದರು. ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು. ಕುರ್ಚಿ, ಕನ್ನಡಿ ಧಾರಾಳವಾಗಿ ಹಿಡಿಸುತ್ತವೆ.

ಸಂಜೆ ಚಿಕ್ಕವ್ವ ಟೀ ತಂದಳು. ಅಡುಗೆಮನೆಯಿಂದ ನೇರ ಬರಬಹುದಿತ್ತು. ಅವಳು ಗೋಡೆಗೆ ಮೈ ಒತ್ತಿಕೊಂಡು, ಇಲ್ಲದ ಗುಂಡಿಯ ಅಂಚು ಬಳಸಿ ಬಂದಳು. ನಾನು ಲೋಟ ಒಳಗಿಡಲು ಹೋಗುವಾಗ ನೋಡಿಕೊಂಡರೆ, ನನ್ನ ಭುಜವೂ ಗೋಡೆಗೆ ಉಜ್ಜುತ್ತಿತ್ತು.

ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದಾಯಿತು. "ವಕೀಲ್ ಸಾಬ್, ನಡೀರಿ, ಕತ್ತಲಾಗ್ತದೆ" ಎನ್ನುತ್ತ ಗೆಳೆಯ ಚಪ್ಪಲಿ ಬಿಟ್ಟು ಒಳಗೆ ಬಂದ. ಹಿಂದೆಂದೂ ಆ ಮನೆಯೊಳಗೆ ಬಂದವನಲ್ಲ. ಬಾಗಿಲಿಂದ ನೇರ ಕೋಣೆಯ ನಡುವೆ ಕಾಲಿಟ್ಟ.

"ಗುಂಡಿ!" ಎಂದು ನಾನೂ ಚಿಕ್ಕವ್ವನೂ ಒಟ್ಟಿಗೆ ಕೂಗಿದೆವು.

ಅವನು ಬೆಚ್ಚಿ ಒಂದು ಕಾಲು ಎತ್ತಿ ನಿಂತ. ನೆಲ ನೋಡಿದ, ನಮ್ಮ ಮುಖ ನೋಡಿದ. "ಎಲ್ಲೈತೆ?"

ಆಮೇಲೆ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಗೋಡೆಯ ಪಕ್ಕದಿಂದ ಸುತ್ತಿ ನಮ್ಮ ಬಳಿ ಬಂದ.