ಅವ್ವ ಹಚ್ಚಿದ ಕೆಮ್ಮಣ್ಣು

ದೃಷ್ಟಿ, ಶಕುನಗಳ ವಿರುದ್ಧ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಗೆದ್ದವಳು ನಾನು. ಇಂಥ ಅನುಭವ ಬರೆಯುವವರನ್ನು ಕಂಡರೆ ನಗು ಬರುತ್ತಿತ್ತು. ಈಗ ನೀವು ನಕ್ಕರೆ ನನ್ನ ತಕರಾರಿಲ್ಲ.

ಆಗ ನಾವು ಹೈದರಾಬಾದಿನ ಕುಷಾಯಿಗೂಡದಲ್ಲಿದ್ದೆವು. ಅವ್ವನಿಗೆ ಅಂಡಾಶಯದ ಕ್ಯಾನ್ಸರ್. ಆಪರೇಷನ್, ಕೀಮೊ ಎಲ್ಲ ಮುಗಿದು ತಲೆಗೂದಲು ಮತ್ತೆ ಬರುತ್ತಿದ್ದಾಗ ಹೊಟ್ಟೆಯ ಒಂದು ಬದಿಗೆ ಕೆಂಪು ಗುಳ್ಳೆಗಳೆದ್ದವು. ಸರ್ಪಸುತ್ತು ಇರಬೇಕೆಂದು ಪಕ್ಕದ ಮನೆಯ ಗಂಗಕ್ಕ ಕೆಮ್ಮಣ್ಣು ಕಲಸಿ ತಂದಳು. ಅವಳೊಡನೆ ವಾದಿಸಿ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದೆ. ಚೂರು ಚರ್ಮ ತೆಗೆದು ಪರೀಕ್ಷಿಸಿದ ಡಾಕ್ಟರು, ಕ್ಯಾನ್ಸರೇ ಚರ್ಮಕ್ಕೆ ಬಂದಿದೆ ಎಂದರು. ವಾದದಲ್ಲಿ ನಾನೇ ಗೆದ್ದಿದ್ದೆ. ಅಳು ಬರಲಿಲ್ಲ. ಆಟೊ ಹಿಡಿದು ಮನೆಗೆ ಬಂದು ಅನ್ನಕ್ಕಿಟ್ಟೆ.

ಉರಿಗೆ ಕೆಮ್ಮಣ್ಣು ತಂಪು ಎಂದು ಅವ್ವ ಹಟ ಹಿಡಿದಳು. ಅಲ್ಲಿ ಸೋತೆ. ದಿನಾ ನಾನೇ ಹಚ್ಚುತ್ತಿದ್ದೆ. ಒಮ್ಮೆ ಅವಳು ಎದೆಯ ಕೆಳಗೆ, ನುಣ್ಣಗಿದ್ದ ಜಾಗಕ್ಕೆ ಬೆರಳಿಟ್ಟಳು.

"ಇಲ್ಲೂ ಹಚ್ಚು."

"ಇಲ್ಲೇನೂ ಇಲ್ಲಬೇ."

"ಬರಾಕತ್ತೈತಿ. ವಾದ ಮಾಡಬ್ಯಾಡ, ಇಲ್ಲಿ ಯಾರೂ ಕಪ್ ಕೊಡಂಗಿಲ್ಲ."

ಹಚ್ಚಿದೆ. ಕೆಲವು ದಿನಗಳಲ್ಲಿ ಅಲ್ಲೇ ಗುಳ್ಳೆ ಎದ್ದಿತು. ಮುಂದೆಯೂ ಅವಳು ತೋರಿಸಿದ ಕಡೆಯೇ ಎದ್ದವು, ಬೇರೆಲ್ಲೂ ಇಲ್ಲ. ಕಣ್ಣಿಗೆ ಕಾಣುವ ಮೊದಲೇ ಒಳಗೆ ನೋವು ತಿಳಿಯುತ್ತಿರಬಹುದು, ನರಗಳಿವೆಯಲ್ಲ ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ. ಆ ಉತ್ತರವನ್ನು ಈಗಲೂ ಒಪ್ಪುತ್ತೇನೆ.

ಉತ್ತರ ಸಿಗದ್ದು ಮುಂದಿನದು. ಒಂದು ಮಧ್ಯಾಹ್ನ ಕೆಮ್ಮಣ್ಣಿನ ಬಟ್ಟಲು ಹಿಡಿದು ಅವಳ ಪಕ್ಕ ಕೂತಿದ್ದೆ. ಅವ್ವ ತಾನೇ ಬೆರಳು ಅದ್ದಿ, ನನ್ನ ಕುರ್ತಾ ಮೇಲೆತ್ತಿ, ಹೊಕ್ಕಳ ಎಡಕ್ಕೆ ಒಂದು ಬೊಟ್ಟು ಇಟ್ಟಳು.

"ನನಗ್ಯಾಕಬೇ?"

"ಸುಮ್ನ ಕೂಡು," ಎಂದಳು. ಕುರ್ತಾ ಇಳಿಸಿ, ಸುಕ್ಕು ಸರಿಮಾಡಿ, ಗೋಡೆಗೆ ತಿರುಗಿ ಮಲಗಿದಳು. ಮತ್ತೆ ಅದರ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ತಿಂಗಳೇ ಅವಳು ತೀರಿಕೊಂಡಳು.

ಈ ಕಾಯಿಲೆ ಕೆಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಬರಬಹುದು. ಡಾಕ್ಟರು ಅದನ್ನು ಹೇಳಿದ್ದು ನನ್ನೊಬ್ಬಳಿಗೆ. ಅವ್ವನಿಗೆ ನಾನು ತಿಳಿಸಿರಲಿಲ್ಲ. ಊಹಿಸಿರಬಹುದು, ಹೆದರಿ ಹಚ್ಚಿರಬಹುದು. ಎದುರು ಪಕ್ಷದಲ್ಲಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಆದರೆ ಆ ಜಾಗವೇ ಯಾಕೆ?

ಪ್ರತಿ ವರ್ಷ ಪರೀಕ್ಷೆ ಮಾಡಿಸುತ್ತೇನೆ. ಏನೂ ಇಲ್ಲ ಎನ್ನುತ್ತಾರೆ. ನಂಬುತ್ತೇನೆ. ಆದರೂ ಸ್ನಾನ ಮಾಡುವಾಗ ಸೋಪು ಹಿಡಿದ ಕೈ ಅಲ್ಲಿಗೆ ಬಂದರೆ, ಅಷ್ಟು ಜಾಗ ಬಿಟ್ಟು ಸುತ್ತಿ ಹೋಗುತ್ತದೆ.